ದೇಶಗಳ ಮೇಲೆ ಡಿಕ್ರಿ

ಪೇಟೆಯಲ್ಲಿ ಒಬ್ಬ ಕಿರಾಣಿ ವ್ಯಾಪಾರಿ ದಿವಾಳಿ ಎದ್ದರೆ ಮುಂದೇನಾಗುತ್ತದೆಂಬುದು ನಮ್ಮ ಓದುಗರಿಗೆ ತಿಳಿಯದ ಸಂಗತಿಯಲ್ಲ. ಕೋರ್ಟು ಅವನ ಆಸ್ತಿಯನ್ನು ವಶಕ್ಕೆ ತೆಗೆದುಕೊಂಡು, ಸಾಲ ಕೊಟ್ಟವರನ್ನೆಲ್ಲ ಒಂದೆಡೆ ಕೂಡಿಸಿ, ರೂಪಾಯಿಗೆ ನಾಲ್ಕಾಣೆಯೋ ಆರಾಣೆಯೋ, ಇದ್ದುದನ್ನು ಪ್ರಮಾಣದಂತೆ ಹಂಚುತ್ತದೆ. ಒಬ್ಬ ಸಾಹುಕಾರ ಮಾತ್ರ ಮುಂದೆ ನುಗ್ಗಿ ತಕ್ಕಡಿ ಕಲ್ಲುಗಳನ್ನು ಹೊತ್ತುಕೊಂಡು ಹೋಗುವಂತಿಲ್ಲ. ಮಿಲ್ಲು ಮುಳುಗಿದರೂ ಲಿಕ್ವಿಡೇಟರ್ ಬರುತ್ತಾನೆ. ಕಾರ್ಮಿಕನ ಬಾಕಿ ಸಂಬಳಕ್ಕೂ ಆ ಪಟ್ಟಿಯಲ್ಲಿ ಒಂದು ಸ್ಥಾನವುಂಟು. ಅದು ಕೈಸೇರುವ ಹೊತ್ತಿಗೆ ಅವನ ಮಗನಿಗೆ ಮದುವೆಯಾಗಿರುತ್ತದೆ ಎಂಬುದು ಬೇರೆ ಮಾತು.

ಆದರೆ ಒಂದು ದೇಶವೇ ಸಾಲ ತೀರಿಸಲಾರದೆ ನಿಂತುಬಿಟ್ಟರೆ, ಅದು ಹೋಗಿ ಮೊರೆಯಿಡತಕ್ಕ ದಿವಾಳಿ ಕೋರ್ಟು ಈ ಭೂಮಂಡಲದಲ್ಲಿ ಎಲ್ಲಿಯೂ ಇಲ್ಲ. ಇರುವುದು ಸಾಲ ಕೊಟ್ಟವರ ಊರಿನ ಕೋರ್ಟು. ಬಡ ದೇಶಗಳು ಹೊರದೇಶಗಳಲ್ಲಿ ಮಾರುವ ಸಾಲಪತ್ರಗಳಲ್ಲಿ ಹೆಚ್ಚಿನವು ನ್ಯೂಯಾರ್ಕ್ ರಾಜ್ಯದ ಇಲ್ಲವೆ ಇಂಗ್ಲೆಂಡಿನ ಕಾನೂನಿಗೆ ಒಳಪಟ್ಟಿರುತ್ತವೆ. ‘ನಾವು ಸ್ವತಂತ್ರ ರಾಷ್ಟ್ರ, ನಮ್ಮ ಮೇಲೆ ನಿಮ್ಮಲ್ಲಿ ದಾವೆ ನಡೆಯದು’ ಎನ್ನುವ ಹಕ್ಕನ್ನು ಪತ್ರಕ್ಕೆ ರುಜು ಹಾಕುವಾಗಲೇ ಬಿಟ್ಟುಕೊಡಬೇಕಾಗುತ್ತದೆ. ಹಣದ ಅಡಚಣೆಯಲ್ಲಿರುವವನು ಒಕ್ಕಣೆಯನ್ನು ತಿದ್ದಲು ಕೂರುತ್ತಾನೆಯೆ?

ಈ ಕೊರತೆಯನ್ನೇ ಬಂಡವಾಳ ಮಾಡಿಕೊಂಡು ಒಂದು ದಂಧೆ ಬೆಳೆದಿದೆ. ಮುಳುಗುತ್ತಿರುವ ದೇಶದ ಸಾಲಪತ್ರಗಳನ್ನು ಮುಖಬೆಲೆಗಿಂತ ಬಹಳ ಅಗ್ಗವಾಗಿ ಕೊಳ್ಳುವುದು. ಉಳಿದ ಸಾಹುಕಾರರು ರಾಜಿಗೆ ಒಪ್ಪಿ ತಮ್ಮ ಪಾಲನ್ನು ಬಿಟ್ಟುಕೊಡುವ ತನಕ ಸುಮ್ಮನಿರುವುದು. ಆಮೇಲೆ ಪೂರ್ಣ ಅಸಲಿಗೂ ಪೂರ್ಣ ಬಡ್ಡಿಗೂ ದಾವೆ ಹೂಡುವುದು. ಇಂಥ ಸಂಸ್ಥೆಗಳಿಗೆ ಪಾಶ್ಚಾತ್ಯ ಪತ್ರಿಕೆಗಳೇ ರಣಹದ್ದು ಎಂದು ಹೆಸರಿಟ್ಟಿವೆ. ರಣಹದ್ದಿಗೆ ಇದು ಅನ್ಯಾಯ. ಅದು ಸತ್ತದ್ದನ್ನು ತಿನ್ನುತ್ತದೆ.

ಆಫ್ರಿಕದ ಝಾಂಬಿಯಾದ ಕಥೆಯನ್ನು ನೋಡೋಣ. 1979ರಲ್ಲಿ ಆ ದೇಶ ಟ್ರಾಕ್ಟರುಗಳಿಗಾಗಿ ರುಮೇನಿಯಾದಿಂದ ಸಾಲ ಪಡೆಯಿತು. ತೀರಿಸಲಾಗಲಿಲ್ಲ. 1999ರಲ್ಲಿ ಬ್ರಿಟಿಷ್ ವರ್ಜಿನ್ ದ್ವೀಪಗಳಲ್ಲಿ ನೋಂದಾಯಿತವಾದ ಡೊನೆಗಲ್ ಎಂಬ ಕಂಪನಿ ಆ ಹಳೆಯ ಸಾಲವನ್ನು ರುಮೇನಿಯಾದಿಂದ 33 ಲಕ್ಷ ಡಾಲರಿಗೂ ಕಡಿಮೆ ಬೆಲೆಗೆ ಕೊಂಡುಕೊಂಡಿತು. ಬಡ ದೇಶಗಳ ಸಾಲಮನ್ನಾ ಯೋಜನೆಯ ಫಲ 2005ರಲ್ಲಿ ಝಾಂಬಿಯಾಕ್ಕೆ ದಕ್ಕಿತ್ತಷ್ಟೆ. ಈ ಕಂಪನಿ ಲಂಡನ್ ಹೈಕೋರ್ಟಿನಲ್ಲಿ 5.5 ಕೋಟಿ ಡಾಲರಿನ ಹಕ್ಕು ಸಾಧಿಸಿತು. 2007ರಲ್ಲಿ ಕೋರ್ಟು ಅಷ್ಟನ್ನು ಕೊಡಿಸಲಿಲ್ಲವಾದರೂ ಸುಮಾರು 1.5 ಕೋಟಿ ಡಾಲರು ಕೊಡಿಸಿತು. ಕೊಂಡ ಬೆಲೆಯ ನಾಲ್ಕೂವರೆ ಪಟ್ಟಿಗೂ ಹೆಚ್ಚು! ಸಾಲ ಮನ್ನಾ ಮಾಡಿದವರು ಬಿಟ್ಟುಕೊಟ್ಟ ಹಣ ಶಾಲೆಗೂ ಆಸ್ಪತ್ರೆಗೂ ಹೋಗುವ ಬದಲು ಟ್ರಾಕ್ಟರನ್ನು ಕಣ್ಣಿನಿಂದಲೂ ನೋಡದವರ ತಿಜೋರಿಗೆ ಹೋಯಿತು.

ಅರ್ಜೆಂಟೀನಾದ ಪ್ರಕರಣ ಇದಕ್ಕಿಂತ ದೊಡ್ಡದು. 2001ರ ಕೊನೆಯಲ್ಲಿ ಆ ದೇಶ ಸಾಲ ಮರುಪಾವತಿ ನಿಲ್ಲಿಸಿತು. 2005ರಲ್ಲಿಯೂ 2010ರಲ್ಲಿಯೂ ಹಳೆಯ ಪತ್ರಗಳಿಗೆ ಬದಲು ಕಡಿಮೆ ಬೆಲೆಯ ಹೊಸ ಪತ್ರಗಳನ್ನು ಕೊಡುವುದಾಗಿ ಹೇಳಿದಾಗ ಸಾಲ ಕೊಟ್ಟವರಲ್ಲಿ ನೂರಕ್ಕೆ 93 ಪಾಲು ಒಪ್ಪಿದರು. ಒಪ್ಪದೆ ಉಳಿದವರಲ್ಲಿ ಮುಂದಾಳು ಎನ್‌ಎಂಎಲ್ ಕ್ಯಾಪಿಟಲ್. 2012ರ ಅಕ್ಟೋಬರಿನಲ್ಲಿ ಅರ್ಜೆಂಟೀನಾ ನೌಕಾದಳದ ತರಬೇತಿ ಹಡಗು ‘ಲಿಬರ್ತಾದ್’ ಘಾನಾ ದೇಶದ ತೇಮಾ ಬಂದರಿಗೆ ಬಂದಾಗ, ಇವರು ಅಲ್ಲಿನ ಕೋರ್ಟಿನಿಂದ ಹುಕುಂ ತಂದು ಅದನ್ನು ಜಪ್ತಿ ಮಾಡಿಸಿದರು. ಅಮೀನನು ಎತ್ತಿನ ಜೋಡಿಯನ್ನು ಹಿಡಿದು ಕಟ್ಟುವುದನ್ನು ಕಂಡಿದ್ದೇವೆ. ಒಂದು ರಾಷ್ಟ್ರದ ನೌಕೆಯನ್ನೇ ಹಿಡಿದು ಕಟ್ಟಿದ್ದನ್ನು ಲೋಕ ಆಗ ಕಂಡಿತು. ಸಮುದ್ರ ಕಾನೂನಿನ ಅಂತರರಾಷ್ಟ್ರೀಯ ನ್ಯಾಯಮಂಡಲಿ ಅದೇ ಡಿಸೆಂಬರಿನಲ್ಲಿ ಹಡಗನ್ನು ಬಿಡಿಸಿತು.

ಆದರೆ ನಿಜವಾದ ಹಗ್ಗ ಇದ್ದುದು ನ್ಯೂಯಾರ್ಕಿನಲ್ಲಿ. ಸಾಲಪತ್ರದಲ್ಲಿ ‘ಎಲ್ಲ ಸಾಲಗಳೂ ಸಮಾನ ದರ್ಜೆಯವು’ ಎಂಬ ಒಂದು ಸಾಲು ಇತ್ತು. ಬಹುಕಾಲದಿಂದ ಯಾರೂ ಗಮನಿಸದೆ ನಕಲಾಗುತ್ತ ಬಂದ ಸಾಲು ಅದು. ಅದನ್ನೇ ಹಿಡಿದು ನ್ಯಾಯಾಧೀಶ ಗ್ರೀಸಾ ಅವರು, ರಾಜಿಗೆ ಒಪ್ಪಿದ 93 ಪಾಲಿನವರಿಗೆ ಕಂತು ಕೊಡಬೇಕಾದರೆ ಒಪ್ಪದವರಿಗೂ ಅದೇ ಗಳಿಗೆಯಲ್ಲಿ ಪೂರ್ಣ ಹಣ ಕೊಡತಕ್ಕದ್ದು ಎಂದು ಆಜ್ಞೆ ಮಾಡಿದರು. 2014ರ ಜೂನಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಮೇಲ್ಮನವಿಯನ್ನು ಕೈಗೆತ್ತಿಕೊಳ್ಳಲಿಲ್ಲ. ಅರ್ಜೆಂಟೀನಾ ಕಟ್ಟಿದ್ದ 53.9 ಕೋಟಿ ಡಾಲರು ನ್ಯೂಯಾರ್ಕಿನ ಬ್ಯಾಂಕಿನಲ್ಲಿ ಬಿದ್ದಿದ್ದರೂ ಹಂಚುವಂತಿಲ್ಲವಾಗಿ, ಹಣ ಕೊಟ್ಟ ದೇಶವೇ ಜುಲೈ ಕೊನೆಯಲ್ಲಿ ಮತ್ತೆ ಸುಸ್ತಿದಾರನಾಯಿತು! 2016ರಲ್ಲಿ ಹೊಸ ಸರಕಾರ ಮಣಿಯಿತು. ಎನ್‌ಎಂಎಲ್ ಕಂಪನಿಗೆ 61.7 ಕೋಟಿ ಡಾಲರಿನ ಅಸಲಿನ ಮೇಲೆ ಸುಮಾರು 228 ಕೋಟಿ ಡಾಲರು ಸಂದಿತು. ಸಮಾನ ದರ್ಜೆ ಎಂಬ ಮಾತಿನಿಂದ ಹುಟ್ಟಿದ ಸಮಾನತೆ ಇದು: ತ್ಯಾಗ ಮಾಡಿದವನಿಗೆ ಆರಾಣೆ, ಹಟ ಹಿಡಿದವನಿಗೆ ಇಡಿಗಂಟು.

ಬಡ್ಡಿಯ ಮಾತನ್ನೂ ಆಡಬೇಕು. ನ್ಯೂಯಾರ್ಕ್ ಕಾನೂನಿನ ಪ್ರಕಾರ ತೀರ್ಪಿನ ಹಣಕ್ಕೆ 1981ರಿಂದ ವರ್ಷಕ್ಕೆ ನೂರಕ್ಕೆ 9ರ ಬಡ್ಡಿ. 2022ರಿಂದ ಜಾರಿಗೆ ಬರುವಂತೆ ಅಲ್ಲಿನ ಶಾಸನಸಭೆ ಸಾಮಾನ್ಯ ಗ್ರಾಹಕರ ಸಾಲಗಳಿಗೆ ಅದನ್ನು 2ಕ್ಕೆ ಇಳಿಸಿತು, ಒಳ್ಳೆಯದೇ ಆಯಿತು. ದೇಶಗಳ ಸಾಲವನ್ನು ಮಾತ್ರ ಆ ತಿದ್ದುಪಡಿ ಮುಟ್ಟಲಿಲ್ಲ. ಮುಂಬಯಿ ಪ್ರಾಂತದ ಕಾಲದಲ್ಲಿ ಹುಬ್ಬಳ್ಳಿ, ಧಾರವಾಡ, ಬೆಳಗಾವಿಯ ಕೋರ್ಟುಗಳಲ್ಲಿ ‘ದಾಮದುಪ್ಪಟ’ ಎಂಬ ನಿಯಮ ನಡೆಯುತ್ತಿತ್ತು. ಹಿಂದೂ ಧರ್ಮಶಾಸ್ತ್ರದಿಂದ ಬಂದ ಆ ನಿಯಮದಂತೆ ಒಂದೇ ಸಲಕ್ಕೆ ವಸೂಲು ಮಾಡುವ ಬಾಕಿ ಬಡ್ಡಿ ಅಸಲನ್ನು ಮೀರುವಂತಿರಲಿಲ್ಲ. ಇಲ್ಲಿನ ಹಳ್ಳಿಯ ಬಡ್ಡಿ ಸಾಹುಕಾರನಿಗೆ ಇದ್ದ ಕಡಿವಾಣ ಜಗತ್ತಿನ ಬಹುದೊಡ್ಡ ಹಣದ ಪೇಟೆಯಲ್ಲಿ ಇಲ್ಲ.

ದಾವೆ ಹೂಡುವ ಉದ್ದೇಶದಿಂದಲೇ ಇನ್ನೊಬ್ಬರ ಸಾಲಪತ್ರವನ್ನು ಕೊಳ್ಳಬಾರದೆಂದು ನ್ಯೂಯಾರ್ಕಿನಲ್ಲಿ ಹಳೆಯ ಕಾನೂನೊಂದು ಉಂಟು. ಪೆರು ದೇಶ ಅದರ ಆಸರೆ ಹಿಡಿಯಿತು. ಕೆಳಗಿನ ಕೋರ್ಟು ಒಪ್ಪಿತು. 1999ರಲ್ಲಿ ಮೇಲಿನ ಕೋರ್ಟು, ಕೊಂಡವರ ಉದ್ದೇಶ ಹಣ ವಸೂಲಿ, ದಾವೆ ಅದಕ್ಕೊಂದು ಸಾಧನ ಮಾತ್ರ ಎಂದು ತಳ್ಳಿಹಾಕಿತು. 2004ರಲ್ಲಿ ಶಾಸನಸಭೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, 5 ಲಕ್ಷ ಡಾಲರು ಹಾಗೂ ಅದಕ್ಕೆ ಮೇಲ್ಪಟ್ಟ ಖರೀದಿಗೆ ಈ ನಿಷೇಧ ಅನ್ವಯಿಸದೆಂದಿತು. ಚಿಲ್ಲರೆ ಖರೀದಿಗೆ ಶಿಕ್ಷೆ, ಸಗಟು ಖರೀದಿಗೆ ಪರವಾನಗಿ!

ಕೊಟ್ಟ ಸಾಲ ಹಿಂದಿರುಗಬಾರದೆಂದು ನಾವು ಹೇಳುತ್ತಿಲ್ಲ. ಉದ್ರಿ ಕೊಟ್ಟು ವಸೂಲಿಗೆ ಅಲೆಯುವ ವ್ಯಾಪಾರಿಯ ಕಷ್ಟವೇನೆಂಬುದು ನಮಗೆ ಗೊತ್ತು. ಸಾಲ ತಂದು ಮೋಜು ಮಾಡಿದ ಆಳರಸರೂ ಆ ದೇಶಗಳಲ್ಲಿ ಕಡಿಮೆಯಿಲ್ಲ. ಆದರೆ ಸಾಲ ಕೊಟ್ಟು ಕೈಸುಟ್ಟುಕೊಂಡವನು ಬೇರೆ, ಸುಟ್ಟ ಮನೆಯ ಗಳ ಹಿರಿಯಲು ಬಂದವನು ಬೇರೆ. ಕಾನೂನು ಈ ಭೇದವನ್ನು ಎಣಿಸಬಲ್ಲದು, ಎಣಿಸಿಯೂ ಇದೆ. 2010ರಲ್ಲಿ ಬ್ರಿಟನ್ನಿನ ಪಾರ್ಲಿಮೆಂಟು ಕಾನೂನು ಮಾಡಿ, ಸಾಲಮನ್ನಾ ಯೋಜನೆಗೆ ಸೇರಿದ ಬಡ ದೇಶಗಳ ಹಳೆಯ ಸಾಲಕ್ಕೆ, ಆ ಯೋಜನೆಯಲ್ಲಿ ಉಳಿದವರಿಗೆ ಸಿಕ್ಕುವುದಕ್ಕಿಂತ ಹೆಚ್ಚಿನದನ್ನು ತನ್ನ ಕೋರ್ಟುಗಳಲ್ಲಿ ವಸೂಲು ಮಾಡುವಂತಿಲ್ಲವೆಂದಿತು. 2015ರಲ್ಲಿ ಬೆಲ್ಜಿಯಂ ಇನ್ನೂ ನೇರವಾಗಿ, ಇಂಥ ಕೊಳ್ಳುಗನಿಗೆ ಕೊಂಡ ಬೆಲೆಗಿಂತ ಹೆಚ್ಚು ದಕ್ಕದೆಂದು ಕಾನೂನು ಮಾಡಿತು. ಎನ್‌ಎಂಎಲ್ ಅದನ್ನು ಅಲ್ಲಿನ ಸಂವಿಧಾನ ನ್ಯಾಯಾಲಯಕ್ಕೆ ಒಯ್ದು 2018ರಲ್ಲಿ ಸೋತಿತು. ನಮ್ಮ ರಾಜ್ಯದಲ್ಲಿಯೇ 1976ರಲ್ಲಿ ದೇವರಾಜ ಅರಸು ಸರಕಾರ ಋಣಪರಿಹಾರ ಕಾನೂನು ತಂದು ಸಣ್ಣ ರೈತರ, ಭೂಹೀನ ಕೂಲಿಗಾರರ ಸಾಲವನ್ನು ತೊಡೆದುಹಾಕಿತ್ತು. ಆದರೆ ನ್ಯೂಯಾರ್ಕಿನಲ್ಲಿ 2023, 2024ರ ಅಧಿವೇಶನಗಳಿಗೆ ಬಂದ ಮಸೂದೆಗಳು ಕಾನೂನಾಗದೆ ಉಳಿದವು.

2014ರ ತರುವಾಯ ಬರೆದ ಹೊಸ ಪತ್ರಗಳಲ್ಲಿ, ನೂರಕ್ಕೆ 75 ಪಾಲಿನವರು ಒಪ್ಪಿದ ರಾಜಿ ಎಲ್ಲರನ್ನೂ ಕಟ್ಟುವಂತೆ ಷರತ್ತು ಸೇರಿಸುತ್ತಿರುವುದು ನಿಜ. ಹಳೆಯ ಪತ್ರಗಳಿಗೆ ಅದು ತಗಲದು. ನೆರೆಯ ಸಿಂಹಳ ದೇಶ 2022ರ ಏಪ್ರಿಲಿನಲ್ಲಿ ಪಾವತಿ ನಿಲ್ಲಿಸಿದ ಎರಡೇ ತಿಂಗಳಿಗೆ, 100 ಕೋಟಿ ಡಾಲರಿನ ಒಂದು ಪತ್ರಶ್ರೇಣಿಯಲ್ಲಿ 25 ಕೋಟಿಗೂ ಮೇಲ್ಪಟ್ಟು ಕೈಯಲ್ಲಿಟ್ಟುಕೊಂಡಿದ್ದ ಕೆರಿಬಿಯನ್ ದ್ವೀಪದ ಬ್ಯಾಂಕೊಂದು ನ್ಯೂಯಾರ್ಕಿನಲ್ಲಿ ದಾವೆ ಹೂಡಿತು. ಕಾಲುಭಾಗಕ್ಕಿಂತ ಹೆಚ್ಚು ಕೈಯಲ್ಲಿದ್ದರೆ ಮುಕ್ಕಾಲುಭಾಗದ ಒಪ್ಪಿಗೆ ಎಲ್ಲಿಂದ ಬರಬೇಕು?

ವಿಶ್ವಸಂಸ್ಥೆಯ ಮಹಾಸಭೆ 2015ರ ಸೆಪ್ಟೆಂಬರಿನಲ್ಲಿ ದೇಶಗಳ ಸಾಲಪರಿಹಾರಕ್ಕೆ ಮೂಲತತ್ತ್ವಗಳನ್ನು 136 ಮತಗಳಿಂದ ಅಂಗೀಕರಿಸಿತು. ವಿರುದ್ಧ ಬಿದ್ದ ಮತಗಳು 6. ಅಮೆರಿಕ, ಬ್ರಿಟನ್ನುಗಳ ಮತಗಳು ಅವುಗಳಲ್ಲಿ ಸೇರಿದ್ದವು. ಆ ನಿರ್ಣಯ ಯಾವ ಕೋರ್ಟನ್ನೂ ಕಟ್ಟಲಾರದು. 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಅರ್ಥಮಂತ್ರಿಗಳು ಕೂಡಿದಾಗ ಸಾಲದ ಬಗ್ಗೆ ದುಂಡುಮೇಜಿನ ಮಾತುಕತೆಯೂ ನಡೆಯಿತು. ಅಧ್ಯಕ್ಷಪೀಠದಲ್ಲಿ ಭಾರತಕ್ಕೂ ಪಾಲಿತ್ತು. 1991ರಲ್ಲಿ ಸುಮಾರು 47 ಟನ್ನು ಚಿನ್ನವನ್ನು ಹೊರದೇಶಕ್ಕೆ ಸಾಗಿಸಿ ಅಡವಿಟ್ಟು ಮಾನ ಉಳಿಸಿಕೊಂಡ ದೇಶ ನಮ್ಮದು. ದೇಶಗಳಿಗೂ ಒಂದು ದಿವಾಳಿ ಕಾನೂನು ಬೇಕು, ಅದು ಆಗುವ ತನಕ ಬೆಲ್ಜಿಯಂ ಮಾದರಿಯ ಕಾನೂನನ್ನು ನ್ಯೂಯಾರ್ಕಿನಲ್ಲಿಯೂ ಮಾಡಬೇಕು ಎಂದು ನಮ್ಮ ಸರಕಾರ ಅಂಥ ಸಭೆಗಳಲ್ಲಿ ಬಾಯಿ ಬಿಟ್ಟು ಕೇಳಬೇಕು. ನಮ್ಮ ಜಿಲ್ಲೆಯ ಲೋಕಸಭಾ ಸದಸ್ಯರು ಈ ಪ್ರಶ್ನೆಯನ್ನು ಅರ್ಥಮಂತ್ರಿಗಳ ಮುಂದಿಡಲಿ.