ಹಳ್ಳದ ಲೆಕ್ಕವನ್ನೂ ನಾವೇ ಇಡೋಣ

ಕೊಯ್ಲಿನ ಕಾಲ ಬಂತೆಂದರೆ ನಮ್ಮ ಸದಸ್ಯರ ಮನೆಗಳಲ್ಲಿ ಹಲವು ಲೆಕ್ಕದ ಪುಸ್ತಕಗಳು ತೆರೆದುಕೊಳ್ಳುತ್ತವೆ. ಕೂಲಿ ಹಾಜರಿ, ಕೊಯ್ದ ಹಣ್ಣಿನ ತೂಕ, ಕೊಟ್ಟ ಮುಂಗಡ, ಮಂಡಿಗೆ ಕಳಿಸಿದ ಅಡಿಕೆ ಮೂಟೆ ಎಲ್ಲಕ್ಕೂ ಲೆಕ್ಕವುಂಟು. ಅಜ್ಜನ ಕಾಲದಿಂದ ಮಳೆಯ ಅಳತೆಯನ್ನು ತಪ್ಪದೆ ಬರೆದಿಟ್ಟ ಮನೆತನಗಳೂ ಮಲೆನಾಡಿನಲ್ಲಿವೆ. ಆದರೆ ತೋಟದ ಅಂಚಿನಲ್ಲೇ ಹರಿಯುವ ಹಳ್ಳದ ನೀರು ಹೇಗಿದೆ ಎಂಬ ಲೆಕ್ಕ ಇಟ್ಟವರನ್ನು ಹುಡುಕಬೇಕು. ಆ ಲೆಕ್ಕವನ್ನು ಇಡುವ ಕಾಲ ಬಂದಿದೆ. ಅದನ್ನು ಬೆಳೆಗಾರರಾದ ನಾವೇ, ನಮ್ಮ ಸಹಕಾರ ಸಂಘದ ಮೂಲಕವೇ ಇಡಬೇಕೆಂಬುದು ನಮ್ಮ ಖಚಿತ ಅಭಿಪ್ರಾಯ.

ಭದ್ರೆಯ ಮಾತನ್ನೇ ತೆಗೆದುಕೊಳ್ಳೋಣ. ಗಂಗಾಮೂಲದಲ್ಲಿ ಹುಟ್ಟಿ, ಕಳಸ, ಬಾಳೆಹೊನ್ನೂರು, ಖಾಂಡ್ಯಗಳನ್ನು ಹಾದು ಲಕ್ಕವಳ್ಳಿಯ ಅಣೆಕಟ್ಟನ್ನು ಸೇರುವವರೆಗೆ ಈ ಹೊಳೆಯ ಎರಡೂ ದಂಡೆಗಳಲ್ಲಿ ಕಾಫಿ ಮತ್ತು ಅಡಿಕೆ ತೋಟಗಳೇ. ಅಣೆಕಟ್ಟಿನಿಂದಾಚೆ ಇದೇ ನೀರು ಶಿವಮೊಗ್ಗ, ದಾವಣಗೆರೆ ಜಿಲ್ಲೆಗಳ ಗದ್ದೆ ತೋಟಗಳಿಗೆ ಹರಿಯುತ್ತದೆ. ಕುದುರೆಮುಖದ ಗಣಿಯಿಂದ ಮಳೆಗಾಲದಲ್ಲಿ ಹೊಳೆಗೆ ಮಣ್ಣು ಇಳಿಯುತ್ತಿದ್ದಾಗ ಮಲೆನಾಡಿನ ಜನ ದನಿಯೆತ್ತಿದರು. ಸುಪ್ರೀಂ ಕೋರ್ಟಿನ ತೀರ್ಪಿನಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಅದಕ್ಕೂ ಮೊದಲು, 1980ರ ದಶಕದಲ್ಲಿ, ಹರಿಹರದ ಬಳಿ ಕಾರ್ಖಾನೆಯ ನೀರಿನಿಂದ ತುಂಗಭದ್ರೆಯಲ್ಲಿ ಮೀನುಗಳು ಸತ್ತಾಗ ದಂಡೆಯ ಹಳ್ಳಿಗಳವರು ಎದ್ದು ನಿಂತರು. ಇವೆರಡೂ ನ್ಯಾಯವಾದ ಮಾತೇ. ಆದರೆ ಕೆಳಗಿನವರನ್ನು ಮತ್ತು ದೊಡ್ಡವರನ್ನು ಪ್ರಶ್ನಿಸುವ ಹಕ್ಕು ಉಳಿಯಬೇಕಾದರೆ, ನಮ್ಮ ಮನೆಯಂಗಳದಿಂದ ಹೋಗುವ ನೀರಿಗೆ ನಾವು ಉತ್ತರ ಕೊಡುವಂತಿರಬೇಕು.

ನಮ್ಮ ಕಸುಬಿನ ಕಷ್ಟವೊಂದಿದೆ. ಅರೇಬಿಕಾ ಕೊಯ್ಲು ನವೆಂಬರಿನಲ್ಲಿ ಹಿಡಿದು ಜನವರಿವರೆಗೆ. ಅದರ ಹಿಂದೆಯೇ ರೊಬಸ್ಟಾ. ಪಲ್ಪರ್ ತಿರುಗುವುದು ಆಗಲೇ. ಹಳ್ಳದ ನೀರು ದಿನದಿನಕ್ಕೆ ಇಳಿಯುವುದೂ ಆಗಲೇ. ಆಷಾಢದಲ್ಲಾದರೆ ಉಕ್ಕಿ ಹರಿಯುವ ಹಳ್ಳ ಎಲ್ಲವನ್ನೂ ಕೊಚ್ಚಿಕೊಂಡು ಹೋದೀತು. ಮಾಘದ ಹಳ್ಳಕ್ಕೆ ಆ ಶಕ್ತಿಯಿಲ್ಲ. ಅಲ್ಲದೆ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹಾಕಲು, ಅಡಿಕೆಗೆ ನೀರುಣಿಸಲು, ದನ ಕುಡಿಸಲು ಬೇಕಾಗುವುದು ಅದೇ ಹಳ್ಳದ ಅದೇ ನೀರು.

ಹಣ್ಣಿನ ಸಿಪ್ಪೆ, ಲೋಳೆ ಕಲೆತ ನೀರಿನಲ್ಲಿ ವಿಷವೇನಿದೆ, ಅದೂ ಗಿಡದಿಂದಲೇ ಬಂದದ್ದಲ್ಲವೇ ಎಂದು ಕೆಲವರು ಕೇಳುತ್ತಾರೆ. ಪ್ರಶ್ನೆ ಸಹಜವಾದದ್ದೇ. ಆ ಲೋಳೆಯಲ್ಲಿರುವ ಸಕ್ಕರೆ ಮತ್ತು ಅಂಟು ಸೂಕ್ಷ್ಮಜೀವಿಗಳಿಗೆ ಹಬ್ಬದೂಟ. ಅವು ಅದನ್ನು ತಿನ್ನುವಾಗ ನೀರಿನಲ್ಲಿ ಕರಗಿರುವ ಆಮ್ಲಜನಕವನ್ನೂ ಮುಗಿಸುತ್ತವೆ. ಹೀಗೆ ಒಂದು ಲೀಟರ್ ನೀರು ಎಷ್ಟು ಆಮ್ಲಜನಕ ಬೇಡುತ್ತದೆ ಎಂಬ ಅಳತೆಗೆ ಬಿ.ಓ.ಡಿ. ಎಂದು ಹೆಸರು. ಜನ ಮೀಯಲು ತಕ್ಕ ಹೊಳೆಯಲ್ಲಿ ಇದು ಲೀಟರಿಗೆ 3 ಮಿಲಿಗ್ರಾಂ ಮೀರಬಾರದು, ಕರಗಿದ ಆಮ್ಲಜನಕ 5 ಮಿಲಿಗ್ರಾಮಿಗೆ ಕಡಿಮೆಯಾಗಬಾರದು ಎಂಬುದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಅಳತೆಗೋಲು. ಪಲ್ಪಿಂಗ್ ಮನೆಯ ನೀರಿನಲ್ಲಿ ಬಿ.ಓ.ಡಿ. ಸಾವಿರಗಳ ಲೆಕ್ಕದಲ್ಲಿರುತ್ತದೆ. 3,000 ಎಂದೇ ಇಟ್ಟುಕೊಂಡರೂ, ಅಂಥ ಒಂದು ಲೀಟರನ್ನು 3ಕ್ಕೆ ಇಳಿಸಲು ಸಾವಿರ ಲೀಟರ್ ಶುದ್ಧ ನೀರು ಬೇಕು. ಜನವರಿಯ ಹಳ್ಳದಲ್ಲಿ ಅಷ್ಟು ನೀರೆಲ್ಲಿದೆ? ಜೊತೆಗೆ ನಿಂತ ನೀರು ಹುಳಿಯಾಗುತ್ತದೆ, ನಾರುತ್ತದೆ. ಮೀನು ಮೇಲೆ ಬಂದು ಬಾಯಿ ಬಿಡುವುದು ವಿಷದಿಂದಲೇ ಆಗಬೇಕಿಲ್ಲ. ಉಸಿರು ಕಟ್ಟಿಯೂ ಆಗಬಹುದು.

ಇದು ಕಾಫಿಯವರ ಮಾತು ಮಾತ್ರ ಎಂದು ಅಡಿಕೆಯವರು ತಿಳಿಯಬಾರದು. ಮೈಸೂರು ಸಂಸ್ಥಾನದ ಕಾಲದಲ್ಲಿ ಡಾ. ಲೆಸ್ಲಿ ಕೋಲ್ಮನ್ ಅವರು ಕೊಳೆರೋಗಕ್ಕೆ ತೋರಿಸಿಕೊಟ್ಟ ಬೋರ್ಡೋ ದ್ರಾವಣ ನಮ್ಮ ತೋಟಗಳನ್ನು ಉಳಿಸಿದೆ. ಅದನ್ನು ಬಿಡಿ ಎಂದು ಯಾರೂ ಹೇಳುವುದಿಲ್ಲ. ಆದರೆ ಮೈಲುತುತ್ತದಲ್ಲಿರುವುದು ತಾಮ್ರ. ಬಹಳ ಕಡಿಮೆ ಪ್ರಮಾಣದಲ್ಲೂ ಅದು ಮೀನುಮರಿಗೆ, ನೀರಿನ ಹುಳುಗಳಿಗೆ ಮಾರಕ. ಡ್ರಮ್ಮು, ಪಂಪು, ಪೈಪುಗಳನ್ನು ಹಳ್ಳಕ್ಕೆ ಇಳಿಸಿ ತೊಳೆಯುವ ರೂಢಿ ನಿಲ್ಲಬೇಕು. ಉಳಿದ ದ್ರಾವಣವನ್ನು ನೀರಿನ ದಾರಿಯಿಂದ ದೂರ, ತೋಟದ ಒಳಗೇ ಮುಗಿಸಬೇಕು. ಅಡಿಕೆ ಬೇಯಿಸಿದ ಹಂಡೆ ತೊಳೆದ ಚೊಗರು ನೀರಿಗೂ ಇದೇ ಮಾತು.

ಹಾಗಾದರೆ ಲೆಕ್ಕ ಇಡುವುದು ಹೇಗೆ? ಮಾಲಿನ್ಯ ನಿಯಂತ್ರಣ ಮಂಡಳಿಯವರು ದೊಡ್ಡ ನದಿಗಳಲ್ಲಿ ಗೊತ್ತುಮಾಡಿದ ಜಾಗಗಳಲ್ಲಿ ಮಾದರಿ ತೆಗೆಯುತ್ತಾರೆ. ನದಿಗೆ ಸೇರುವ ನೂರಾರು ಸಣ್ಣ ಹಳ್ಳಗಳಿಗೆಲ್ಲ ಅವರು ಬರಲಾರರು. ಹಳ್ಳದ ಬದಿಯಲ್ಲಿ ಇರುವವರು ನಾವು. ಒಂದೊಂದು ಹಳ್ಳಕ್ಕೆ ಮೂರು ಜಾಗ ಗೊತ್ತುಮಾಡಿದರೆ ಸಾಕು: ಪಲ್ಪಿಂಗ್ ಮನೆಗಳಿಗಿಂತ ಮೇಲೆ ಒಂದು, ಅವುಗಳ ಕೆಳಗೆ ಒಂದು, ಹೊಳೆ ಸೇರುವಲ್ಲಿ ಒಂದು. ಮೇಲಿನ ಜಾಗದ ಲೆಕ್ಕವಿಲ್ಲದೆ ಕೆಳಗಿನದಕ್ಕೆ ಅರ್ಥವಿಲ್ಲವೆಂಬುದನ್ನು ಮರೆಯಬಾರದು. ತಿಂಗಳಿಗೊಮ್ಮೆ, ಕೊಯ್ಲಿನ ಕಾಲದಲ್ಲಿ ವಾರಕ್ಕೊಮ್ಮೆ ನೋಡಬೇಕು. ಬೆಳಕು ಹರಿಯುವ ಹೊತ್ತು ಒಳ್ಳೆಯದು, ಏಕೆಂದರೆ ನೀರಿನಲ್ಲಿ ಆಮ್ಲಜನಕ ಅತಿ ಕಡಿಮೆ ಇರುವುದು ಆಗಲೇ. ಪ್ರತಿಸಲವೂ ಅದೇ ಜಾಗ, ಅದೇ ಹೊತ್ತು.

ಹುಳಿಯನ್ನು ಪಿ.ಎಚ್. ಕಾಗದ ತೋರಿಸುತ್ತದೆ. ಆಮ್ಲಜನಕ ಅಳೆಯಲು ಹನಿ ಎಣಿಸಿ ನೋಡುವ ಸಣ್ಣ ಪೆಟ್ಟಿಗೆಗಳು ಸಿಗುತ್ತವೆ. ಹೈಸ್ಕೂಲು ಓದುವ ಮಕ್ಕಳೂ ಕಲಿಯಬಹುದು. ಏನೂ ಇಲ್ಲದಿದ್ದರೆ ಹಳ್ಳದ ಕಲ್ಲುಗಳೇ ಇವೆ. ಕಲ್ಲು ಎತ್ತಿ ಅಡಿಭಾಗ ನೋಡಿರಿ. ಬಾಲದಲ್ಲಿ ಎರಡು ಮೂರು ಕೂದಲಿನಂಥ ಎಳೆಯಿರುವ ಹುಳುಗಳು, ಮರಳು ಕಡ್ಡಿ ಅಂಟಿಸಿ ಗೂಡು ಮಾಡಿಕೊಂಡ ಹುಳುಗಳು ಬಗೆಬಗೆಯಾಗಿ ಕಂಡರೆ ನೀರು ಚೆನ್ನಾಗಿದೆ ಎನ್ನಬಹುದು. ಅವು ಮಾಯವಾಗಿ, ಕೆಂಪು ದಾರದಂಥ ಹುಳು ಮತ್ತು ಬೂದು ಬಣ್ಣದ ಲೋಳೆ ತುಂಬಿದ್ದರೆ ಹಳ್ಳಕ್ಕೆ ಉಸಿರಿಲ್ಲ. ಕುಡಿಯುವ ನೀರಿನ ಮಾತು ಬೇರೆ. ರೋಗಾಣುಗಳು ಕಣ್ಣಿಗೆ ಕಾಣವು, ಕಾಗದಕ್ಕೂ ಸಿಗವು. ಅದಕ್ಕೆ ಶುದ್ಧಿಮಾಡಿದ ಸೀಸೆಯಲ್ಲಿ ನೀರು ತುಂಬಿ, ತಣ್ಣಗಿಟ್ಟು, ತಡಮಾಡದೆ ಪ್ರಯೋಗಾಲಯಕ್ಕೆ ಕಳಿಸಬೇಕು.

ಇಲ್ಲಿ ಎರಡು ಆಕ್ಷೇಪಣೆಗಳು ಬರುತ್ತವೆ. ಮೊದಲನೆಯದು, ನಾವೇ ಬರೆದಿಟ್ಟ ಪುಸ್ತಕ ನಮ್ಮ ಮೇಲೆಯೇ ಸಾಕ್ಷಿಯಾದೀತು ಎಂಬ ಭಯ. 1974ರ ಜಲ ಕಾಯಿದೆಯಂತೆ ಹೊಲಸು ನೀರನ್ನು ಹಳ್ಳಕ್ಕೆ ಬಿಡುವುದು ಲೆಕ್ಕ ಇಟ್ಟರೂ ತಪ್ಪೇ, ಇಡದಿದ್ದರೂ ತಪ್ಪೇ. ಲೆಕ್ಕವಿಲ್ಲದಿದ್ದರೆ ಒಬ್ಬರು ಮಾಡಿದ್ದಕ್ಕೆ ಇಡೀ ಹಳ್ಳದವರ ಮೇಲೆ ದೂರು ಬರುತ್ತದೆ, ಶುಚಿಯಾಗಿರುವ ಬೆಳೆಗಾರನಿಗೆ ಹೇಳಿಕೊಳ್ಳಲು ಆಧಾರವೇ ಇರುವುದಿಲ್ಲ. ಪುಸ್ತಕ ಇರಬೇಕಾದದ್ದು ಹಳ್ಳದ ಹೆಸರಿನಲ್ಲಿ, ಯಜಮಾನನ ಹೆಸರಿನಲ್ಲಲ್ಲ. ನೀರು ಕೆಟ್ಟಿದ್ದು ಕಂಡರೆ ಮೊದಲು ಸಂಘದವರು ಕೂಡಿ ಕಾರಣ ಹುಡುಕಿ ಸರಿಪಡಿಸಬೇಕು.

ಎರಡನೆಯದು ಖರ್ಚಿನ ಮಾತು. ಎರಡು ಮೂರು ಎಕರೆಯವನು ದೊಡ್ಡ ಎಸ್ಟೇಟಿನಂತೆ ಸಾಲು ಸಾಲು ತೊಟ್ಟಿ ಕಟ್ಟಿಸಲಾರ. ಇದನ್ನು ಒಪ್ಪುತ್ತೇವೆ. ಇಂಥ ಕಡೆಯೇ ಸಹಕಾರ ಸಂಘ ಬೇಕಾಗುವುದು. ಅಕ್ಕಪಕ್ಕದ ನಾಲ್ಕಾರು ಮನೆಗೆ ಒಂದು ಪಲ್ಪರ್, ಒಂದೇ ಕಡೆ ಹಳ್ಳದಿಂದ ದೂರದಲ್ಲಿ ಗುಂಡಿಗಳು. ಹುಳಿ ನೀರಿಗೆ ಸುಣ್ಣ. ಸಿಪ್ಪೆ ನೀರಿಗೆ ಸೇರದಂತೆ ಬೇರೆ ತೆಗೆದು ಗೊಬ್ಬರದ ಗುಂಡಿಗೆ. ಕಡಿಮೆ ನೀರು ಬಳಸುವ ಯಂತ್ರ. ಒಮ್ಮೆ ಬಳಸಿದ ನೀರನ್ನೇ ಸಿಪ್ಪೆ ಸಾಗಿಸಲು ಮತ್ತೆ ಬಳಸುವುದು. ಬಾಳೆಹೊನ್ನೂರಿನ ಕೇಂದ್ರ ಕಾಫಿ ಸಂಶೋಧನಾ ಸಂಸ್ಥೆ ಭದ್ರೆಯ ಬದಿಯಲ್ಲೇ ಇದೆ. ಸಲಹೆ ಕೇಳಲು ದೂರ ಹೋಗಬೇಕಿಲ್ಲ. ಇದಾವುದೂ ಆಗದವರು ಹಣ್ಣನ್ನು ಕಣದಲ್ಲೇ ಒಣಗಿಸಿ ಚೆರ್ರಿ ಮಾಡಬಹುದು, ಅದಕ್ಕೆ ತೊಳೆಯುವ ನೀರೇ ಬೇಡ. ಪಾರ್ಚ್‌ಮೆಂಟಿಗೆ ಸಿಗುವ ಹೆಚ್ಚಿನ ಬೆಲೆಯಲ್ಲಿ ನೀರಿನ ಖರ್ಚನ್ನೂ ಕಳೆದು ನೋಡಿದಾಗಲೇ ನಿಜವಾದ ಲಾಭ ತಿಳಿಯುವುದು.

ಪ್ರತಿಯೊಂದು ತೋಟಕ್ಕೂ ಮೇಲೊಂದು ತೋಟವಿದೆ, ಕೆಳಗೊಂದು ತೋಟವಿದೆ. ಮೇಲಿನವರಿಂದ ನಾವು ಏನನ್ನು ಬಯಸುತ್ತೇವೋ ಅದನ್ನು ಕೆಳಗಿನವರಿಗೆ ಕೊಡುವುದು ನೆರೆಹೊರೆಯ ಹಳೆಯ ನ್ಯಾಯ. ಬರುವ ಕೊಯ್ಲಿಗೆ ಮುಂಚೆ ಸರ್ವ ಸದಸ್ಯರ ಸಭೆಯಲ್ಲಿ ಈ ವಿಷಯ ಚರ್ಚೆಗೆ ಬರಲಿ. ಮೊದಲ ವರ್ಷ ಎರಡು ಹಳ್ಳಗಳನ್ನಾದರೂ ಆರಿಸಿ, ಪರೀಕ್ಷೆಯ ಪೆಟ್ಟಿಗೆಯ ಖರ್ಚನ್ನು ಸಂಘ ವಹಿಸಿ, ಬಂದ ಅಂಕಿಗಳನ್ನು ಈ ಪತ್ರಿಕೆಯಲ್ಲೇ ತಿಂಗಳು ತಿಂಗಳು ಪ್ರಕಟಿಸಲಿ. ತಮ್ಮ ಹಳ್ಳದ ಹೊಣೆ ಹೊರಲು ಮುಂದೆ ಬರುವ ಸದಸ್ಯರು ಸಂಘದ ಕಚೇರಿಯಲ್ಲಿ ಹೆಸರು ಕೊಡಬೇಕಾಗಿ ಕೋರುತ್ತೇವೆ.