ಹಳೇ ಆಂಪ್‌ಗೆ ಹೊಸ ವಯರ್ ಹಾಕಿದ್ದು ತಪ್ಪಾ?

ಅಮೆರಿಕಾದಲ್ಲಿದ್ದಾಗ ಕೊಂಡಿದ್ದ 1966ರ ಫೆಂಡರ್ ಡಿಲಕ್ಸ್ ರಿವರ್ಬ್ ಆಂಪನ್ನು ಊರಿಗೆ ಮರಳುವ ಮುನ್ನ ಮಾರಲು ಕೂತೆ. 22 ವ್ಯಾಟ್, ಎರಡು 6ವಿ6 ಪವರ್ ವಾಲ್ವ್, 12 ಇಂಚಿನ ಸ್ಪೀಕರ್. 120 ವೋಲ್ಟಿನ ಯಂತ್ರ; ನಮ್ಮ 230ಕ್ಕೆ ನೇರ ಚುಚ್ಚಿದರೆ ಸುಟ್ಟೇ ಹೋಗುತ್ತೆ.

ಬಂದವನೊಬ್ಬ ಹಿಂಬದಿ ಬಗ್ಗಿ ನೋಡಿ ಮುಖ ಸಿಂಡರಿಸಿದ. ವಯರ್ ಬದಲಾಗಿದೆ, ಒರಿಜಿನಲ್ ಅಲ್ಲ, ಬೆಲೆ ಇಳಿಸಿ ಅಂದ. ಇಲ್ಲಾಂದ್ರೆ ಹಳೇದನ್ನೇ ಮತ್ತೆ ಹಾಕಿಕೊಡಬೇಕಂತೆ!

ಸ್ವಾಮಿ, ಆ ಎರಡು ಪಿನ್ನಿನ ವಯರಿಗೆ ಅರ್ಥಿಂಗೇ ಇಲ್ಲ. ಒಳಗಿನ ಒಂದು ಕೆಪಾಸಿಟರ್ ಶಾರ್ಟ್ ಆದರೆ ಸಾಕು, ಗಿಟಾರ್ ತಂತಿ ಮುಟ್ಟಿದವನ ಕೈಗೇ ಕರೆಂಟು. ಪಂಪ್‌ಸೆಟ್ಟಿನ ಪೆಟ್ಟಿಗೆ ಮುಟ್ಟಿ ಶಾಕ್ ತಿಂದು ಬೆಳೆದವನು ನಾನು. ಅರ್ಥಿಂಗ್ ಅಂದ್ರೇನು ಅಂತ ಬಿಇಗೆ ಮೊದಲೇ ಗೊತ್ತಿತ್ತು.

ಗಾಡಿಗೆ ಹೊಸ ಕೀಲು ಹಾಕಿದರೆ ನಮ್ಮೂರಲ್ಲಿ 'ಚೆನ್ನಾಗಿಟ್ಕೊಂಡಿದಾನೆ' ಅಂತಾರೆ. ಹಳೇ ಬುಲೆಟ್, ಹಳೇ ರೇಡಿಯೋ ಹುಡುಕೋ ನಾವು ಮಾತ್ರ ತುಕ್ಕಿಗೂ ದುಡ್ಡು ಕೊಡ್ತೀವಿ, ರಿಪೇರಿಗೆ ದುಡ್ಡು ಕಡಿತೀವಿ. ಇದು ಹಳೇದರ ಮೇಲಿನ ಪ್ರೀತಿಯಲ್ಲ, ಹಣೆಪಟ್ಟಿಯ ಹುಚ್ಚು. ಪ್ರೀತಿ ಇರೋನು ರಿಪೇರಿ ಮಾಡಿಸ್ತಾನೆ.

ಅವನಿಗೆ ಕೊಡಲಿಲ್ಲ. ಮಗಳ ಜೊತೆ ಕೂತು ನುಡಿಸುವವನೊಬ್ಬನಿಗೆ ಕಡಿಮೆ ಬೆಲೆಗೇ ಮಾರಿದೆ. ಹಳೇ ವಯರನ್ನು ಕತ್ತರಿಸಿ ಕಸಕ್ಕೆ ಹಾಕಿದೆ.