ಠರಾವು ಒಂದು ಕಡೆ, ಬಂದರು ಇನ್ನೊಂದು ಕಡೆ

ಇರಾಕ್ ಯುದ್ಧದ ಪ್ರಸ್ತಾಪ ಬಂದಾಗಲೆಲ್ಲ ನಮ್ಮ ಸಭೆ-ಕೂಟಗಳಲ್ಲಿ ಒಂದು ಮಾತು ತಪ್ಪದೆ ಕೇಳಿ ಬರುತ್ತದೆ. ಜಗತ್ತು ಒಂದಾಗಿರುತ್ತಿದ್ದರೆ, ಕನಿಷ್ಠ ಮುಸ್ಲಿಮ್ ರಾಷ್ಟ್ರಗಳಾದರೂ ಒಗ್ಗಟ್ಟಾಗಿರುತ್ತಿದ್ದರೆ 2003ರ ಆ ದುರಂತ ನಡೆಯುತ್ತಿರಲಿಲ್ಲ ಎಂಬುದೇ ಆ ಮಾತು. ಹೇಳುವವರು ನಿಟ್ಟುಸಿರು ಬಿಡುತ್ತಾರೆ, ಕೇಳುವವರು ತಲೆದೂಗುತ್ತಾರೆ, ಅಲ್ಲಿಗೆ ವಿಷಯ ಮುಗಿಯುತ್ತದೆ. ಈ ಮಾತಿನಲ್ಲಿ ಸತ್ಯವಿದೆಯೆಂದು ನಾವೂ ನಂಬುತ್ತೇವೆ. ಆದರೆ ಆ ವರ್ಷದ ಘಟನೆಗಳನ್ನು ದಿನಾಂಕ ಸಹಿತ ಎದುರಿಗಿಟ್ಟುಕೊಂಡು ನೋಡಿದರೆ, ಕೊರತೆಯಿದ್ದುದು ನಾವು ಭಾವಿಸಿದಂತಹ ಏಕತೆಯದ್ದಲ್ಲ ಎಂಬುದು ತಿಳಿಯುತ್ತದೆ.

ನಿಜ ಹೇಳಬೇಕೆಂದರೆ, ಮಾತಿನ ಏಕತೆಗೆ ಅಂದು ಏನೂ ಬರಗಾಲವಿರಲಿಲ್ಲ. 2002ರ ನವೆಂಬರ್ 8ರಂದು ಭದ್ರತಾ ಮಂಡಳಿಯು 1441ನೇ ಠರಾವನ್ನು ಸರ್ವಾನುಮತದಿಂದ ಅಂಗೀಕರಿಸಿತ್ತು. ಅದು ಶಸ್ತ್ರಾಸ್ತ್ರ ತಪಾಸಣೆಗೆ ದಾರಿ ಮಾಡಿಕೊಟ್ಟ ಠರಾವೇ ಹೊರತು ಯುದ್ಧಕ್ಕೆ ಕೊಟ್ಟ ಪರವಾನಗಿಯಾಗಿರಲಿಲ್ಲ. ಹ್ಯಾನ್ಸ್ ಬ್ಲಿಕ್ಸ್ ಅವರ ತಂಡವು ಇರಾಕಿಗೆ ಮರಳಿ ತಪಾಸಣೆ ನಡೆಸುತ್ತಿತ್ತು. ನೈಜರ್‌ನಿಂದ ಇರಾಕ್ ಯುರೇನಿಯಂ ಖರೀದಿಸಲು ಹೊರಟಿತ್ತೆಂಬ ದಾಖಲೆಗಳು ನಕಲಿಯೆಂದು ಮುಹಮ್ಮದ್ ಅಲ್ ಬರಾದಿ ಮಾರ್ಚ್ 7ರಂದು ಭದ್ರತಾ ಮಂಡಳಿಯಲ್ಲೇ ತಿಳಿಸಿದರು. ಅದಕ್ಕೂ ಮೊದಲು ಫೆಬ್ರವರಿ 15ರಂದು ಲಂಡನ್, ರೋಮ್, ಮ್ಯಾಡ್ರಿಡ್ ಸಹಿತ ನೂರಾರು ನಗರಗಳಲ್ಲಿ ಲಕ್ಷೋಪಲಕ್ಷ ಜನರು ಬೀದಿಗಿಳಿದರು. ಅವರಲ್ಲಿ ಹೆಚ್ಚಿನವರು ಮುಸ್ಲಿಮರಲ್ಲ ಎಂಬುದನ್ನು ನಾವು ಕೃತಜ್ಞತೆಯಿಂದ ನೆನೆಯಬೇಕು. ಎರಡನೇ ಠರಾವಿಗೆ ಅಗತ್ಯವಿದ್ದ ಒಂಬತ್ತು ಮತಗಳನ್ನು ಒಟ್ಟುಗೂಡಿಸಲು ಅಮೆರಿಕ, ಬ್ರಿಟನ್ ಮತ್ತು ಸ್ಪೇನ್‌ಗೆ ಸಾಧ್ಯವಾಗಲಿಲ್ಲ. ಪಾಕಿಸ್ತಾನ, ಗಿನಿಯಂತಹ ಮುಸ್ಲಿಮ್ ಬಹುಸಂಖ್ಯಾತ ರಾಷ್ಟ್ರಗಳ ಮೇಲೂ ಒತ್ತಡ ಬಿದ್ದಿತ್ತು. ಕೊನೆಗೆ ಮಾರ್ಚ್ 17ರಂದು ಆ ಕರಡನ್ನು ಕೈಬಿಡಲಾಯಿತು. ವಿಶ್ವಸಂಸ್ಥೆಯ ಮುದ್ರೆ ಯುದ್ಧಕೋರರಿಗೆ ಸಿಗಲಿಲ್ಲ.

ಆದರೂ ಮಾರ್ಚ್ 20ರಂದು ಬಾಗ್ದಾದ್‌ನ ಮೇಲೆ ಬಾಂಬುಗಳು ಬಿದ್ದವು. ಹಾಗಾದರೆ ಕೊರತೆ ಇದ್ದುದು ಎಲ್ಲಿ?

2003ರ ಮಾರ್ಚ್ 1ರಂದು ಎರಡು ಊರುಗಳಲ್ಲಿ ಎರಡು ಸಭೆಗಳು ನಡೆದವು. ಈಜಿಪ್ಟಿನ ಶರ್ಮ್ ಅಲ್ ಶೇಖ್‌ನಲ್ಲಿ ಅರಬ್ ಲೀಗ್‌ನ ಶೃಂಗಸಭೆ ನಡೆಯಿತು. ಗದ್ದಾಫಿ ಮತ್ತು ಸೌದಿಯ ಯುವರಾಜ ಅಬ್ದುಲ್ಲಾ ಟಿ.ವಿ. ಕ್ಯಾಮರಾಗಳ ಎದುರಲ್ಲೇ ಪರಸ್ಪರ ಹರಿಹಾಯ್ದರು. ಅದೆಲ್ಲ ಮುಗಿದ ಬಳಿಕ, ಇರಾಕ್‌ನ ಮೇಲಿನ ಯಾವುದೇ ಸೈನಿಕ ಕಾರ್ಯಾಚರಣೆಯಲ್ಲಿ ಅರಬ್ ರಾಷ್ಟ್ರಗಳು ಭಾಗವಹಿಸಕೂಡದೆಂಬ ನಿರ್ಣಯವೂ ಹೊರಬಿತ್ತು. ಅದೇ ದಿನ ಅಂಕಾರದಲ್ಲಿ ಟರ್ಕಿಯ ಸಂಸತ್ತು ಕಲಾಪ ನಡೆಸುತ್ತಿತ್ತು. 62 ಸಾವಿರ ಅಮೆರಿಕನ್ ಸೈನಿಕರಿಗೆ ಟರ್ಕಿಯ ನೆಲದಲ್ಲಿ ಅವಕಾಶ ಕೊಡಬೇಕೆಂಬ ಪ್ರಸ್ತಾವ ಸದನದ ಮುಂದಿತ್ತು. ಒಪ್ಪಿದರೆ ಶತಕೋಟಿಗಟ್ಟಲೆ ಡಾಲರ್ ನೆರವಿನ ಆಮಿಷವಿತ್ತು. ಆ ಪ್ರಸ್ತಾವವನ್ನು ತಂದದ್ದು ಸ್ವತಃ ಅಲ್ಲಿನ ಸರಕಾರವೇ ಎಂಬುದನ್ನು ಟರ್ಕಿಯ ಅಭಿಮಾನಿಗಳು ಮರೆಯುತ್ತಾರೆ. ಪರವಾಗಿ 264, ವಿರುದ್ಧ 250, ತಟಸ್ಥ 19. ಸಭೆಯಲ್ಲಿದ್ದವರ ಬಹುಮತಕ್ಕೆ ಮೂರು ಮತಗಳು ಸಾಲದೆ ಪ್ರಸ್ತಾವ ಬಿದ್ದುಹೋಯಿತು. ಆಡಳಿತ ಪಕ್ಷದ ಹಲವಾರು ಸದಸ್ಯರೇ ಅಂದು ತಮ್ಮ ಸರಕಾರಕ್ಕೆ ಬೆನ್ನು ತೋರಿಸಿದ್ದರು.

ಶರ್ಮ್ ಅಲ್ ಶೇಖ್‌ನಲ್ಲಿ ಏಕತೆಯಿತ್ತು, ಅಂಕಾರದಲ್ಲಿ ಭಿನ್ನಮತವಿತ್ತು. ಆದರೆ ಅಮೆರಿಕದ ಯುದ್ಧ ಯೋಜನೆಗೆ ಪೆಟ್ಟು ಬಿದ್ದದ್ದು ಅಂಕಾರದಿಂದ. ಉತ್ತರದಿಂದ ಇರಾಕಿಗೆ ನುಗ್ಗಬೇಕಿದ್ದ ಅಮೆರಿಕದ 4ನೇ ಪದಾತಿ ದಳದ ಶಸ್ತ್ರಸಾಮಗ್ರಿ ಹೊತ್ತ ಹಡಗುಗಳು ಟರ್ಕಿಯ ಕಡಲ ಅಂಚಿನಲ್ಲೇ ಕಾದು ನಿಂತವು.

ನಾಲ್ಕು ದಿನಗಳ ಬಳಿಕ, ಮಾರ್ಚ್ 5ರಂದು, ಆಗ ಇಸ್ಲಾಮೀ ಸಮ್ಮೇಳನ ಸಂಘಟನೆ ಎಂಬ ಹೆಸರಿದ್ದ ಒ.ಐ.ಸಿ.ಯ ತುರ್ತು ಶೃಂಗಸಭೆ ಕತಾರಿನ ದೋಹಾದಲ್ಲಿ ಸೇರಿತು. ಇರಾಕಿನ ಪ್ರತಿನಿಧಿ ಇಝ್ಝತ್ ಇಬ್ರಾಹೀಮ್, ಕುವೈತ್‌ನ ಪ್ರತಿನಿಧಿಯನ್ನು ತುಂಬಿದ ಸಭೆಯಲ್ಲಿ ಕೋತಿಯೆಂದು ಜರೆದರು. ಜಗತ್ತು ಅದನ್ನು ನೇರ ಪ್ರಸಾರದಲ್ಲಿ ನೋಡಿತು. ನಾಚಿಕೆಗೇಡಿನ ಆ ದೃಶ್ಯವನ್ನು ಎಲ್ಲರೂ ನೆನಪಿಟ್ಟುಕೊಂಡಿದ್ದಾರೆ. ಆದರೆ ನಮ್ಮನ್ನು ಕಾಡುವುದು ಬೇರೊಂದು ಸಂಗತಿ. ಇರಾಕಿನ ಮೇಲಿನ ದಾಳಿಯನ್ನು ತಿರಸ್ಕರಿಸುತ್ತೇವೆಂದು ಆ ಸಭೆಯು ಘೋಷಿಸಿದ ದೋಹಾ ನಗರದ ಹೊರವಲಯದಲ್ಲೇ ಅಸ್ಸೈಲಿಯಾ ಸೇನಾ ಶಿಬಿರವಿತ್ತು. ಜನರಲ್ ಟಾಮಿ ಫ್ರಾಂಕ್ಸ್ ಎರಡು ವಾರಗಳ ಬಳಿಕ ಇಡೀ ಯುದ್ಧವನ್ನು ನಡೆಸಿದ್ದು ಅಲ್ಲಿಂದಲೇ! ಅಮೆರಿಕದ ಐದನೇ ನೌಕಾಪಡೆಯ ಕೇಂದ್ರ ಬಹ್ರೈನಿನಲ್ಲಿತ್ತು. ವಾಯುದಾಳಿಯ ನಿಯಂತ್ರಣ ಸೌದಿಯ ಪ್ರಿನ್ಸ್ ಸುಲ್ತಾನ್ ವಾಯುನೆಲೆಯಲ್ಲಿತ್ತು. ಭೂಸೇನೆ ಗಡಿ ದಾಟಿದ್ದು ಕುವೈತ್‌ನಿಂದ.

ಅಮೆರಿಕದಂತಹ ಶಕ್ತಿಯನ್ನು ತಡೆಯಲು ಯಾರಿಂದ ಸಾಧ್ಯವಿತ್ತೆಂದು ಕೆಲವರು ಕೇಳುತ್ತಾರೆ. ಸಮುದ್ರದ ಹಡಗಿನಿಂದ ಒಂದು ದೇಶದ ಮೇಲೆ ಬಾಂಬು ಹಾಕಬಹುದು; ಆದರೆ ಹಡಗಿನಲ್ಲಿ ಕುಳಿತು ಆ ದೇಶವನ್ನು ಆಕ್ರಮಿಸಿಕೊಳ್ಳಲಾಗದು. ಒಂದು ಲಕ್ಷಕ್ಕೂ ಮಿಕ್ಕಿದ ಸೈನಿಕರಿಗೆ ಇಳಿಯಲು ಬಂದರು ಬೇಕು, ಬೀಡುಬಿಡಲು ನೆಲ ಬೇಕು, ನೀರು ಬೇಕು, ಇಂಧನ ಬೇಕು. ಇವುಗಳಲ್ಲಿ ಯಾವುದೂ ವಾಷಿಂಗ್ಟನ್ನಿನ ಸ್ವಂತದ್ದಾಗಿರಲಿಲ್ಲ. ಟರ್ಕಿಯ ಬಾಗಿಲು ಮುಚ್ಚಿದಂತೆ ದಕ್ಷಿಣದ ಬಾಗಿಲೂ ಮುಚ್ಚಿರುತ್ತಿದ್ದರೆ ಬಾಂಬ್ ದಾಳಿ ನಡೆಯುತ್ತಿತ್ತೋ ಏನೋ, ಬಾಗ್ದಾದ್ ಏಪ್ರಿಲ್ 9ರಂದು ಬೀಳುತ್ತಿರಲಿಲ್ಲ. ಲಕ್ಷಕ್ಕೂ ಮಿಕ್ಕಿದ ನಾಗರಿಕರ ಪ್ರಾಣಗಳನ್ನು ತೆಗೆದ ಆ ದೀರ್ಘ ಅರಾಜಕತೆಗೆ ಅಂತಹ ಬಾಗಿಲೂ ತೆರೆಯುತ್ತಿರಲಿಲ್ಲ.

ಕುವೈತ್ ಏಕೆ ಬಾಗಿಲು ಮುಚ್ಚಬೇಕಿತ್ತು ಎಂದು ಓದುಗರು ಕೇಳಿಯಾರು. ನ್ಯಾಯವಾದ ಪ್ರಶ್ನೆ. 1990ರ ಆಗಸ್ಟ್ 2ರಂದು ತನ್ನನ್ನು ನುಂಗಿದ ಸದ್ದಾಮ್‌ಗೆ ಗುರಾಣಿಯಾಗೆಂದು ಕುವೈತಿಗೆ ಹೇಳುವ ನೈತಿಕ ಹಕ್ಕು ಯಾರಿಗಿತ್ತು? ಸತ್ಯವಿಶ್ವಾಸಿಗಳ ಎರಡು ಗುಂಪುಗಳು ಹೊಡೆದಾಡಿದರೆ ಸಂಧಾನ ಮಾಡಿಸಬೇಕು, ಒಂದು ಗುಂಪು ಅತಿಕ್ರಮವೆಸಗಿದರೆ ಅದು ದಾರಿಗೆ ಬರುವವರೆಗೆ ಎಲ್ಲರೂ ಸೇರಿ ಅದನ್ನು ಎದುರಿಸಬೇಕು ಎಂಬುದು ಪವಿತ್ರ ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯದ ಸ್ಪಷ್ಟ ಆದೇಶ. ಇರಾನಿನ ವಿರುದ್ಧ ಎಂಟು ವರ್ಷ ಯುದ್ಧ ನಡೆದಾಗ ಈ ಆದೇಶ ಯಾರಿಗೂ ನೆನಪಾಗಲಿಲ್ಲ. ಕೊಲ್ಲಿಯ ದೊರೆಗಳು ಅತಿಕ್ರಮಿಯಾದ ಸದ್ದಾಮ್‌ಗೇ ಹಣ ಸುರಿದರು. 1988ರ ಮಾರ್ಚ್‌ನಲ್ಲಿ ಹಲಬ್ಜದ ಕುರ್ದ್ ಮಕ್ಕಳು ವಿಷಾನಿಲಕ್ಕೆ ಉಸಿರುಗಟ್ಟಿ ಸತ್ತಾಗ ಎಷ್ಟು ಮಿಂಬರ್‌ಗಳಿಂದ ಖಂಡನೆಯ ಮಾತು ಬಂತು? ಕುರ್ದರು ಉಮ್ಮತ್‌ನ ಭಾಗವಾಗಿರಲಿಲ್ಲವೇ? ನಮ್ಮೊಳಗಿನ ಅಕ್ರಮಿಯ ಕೈಯನ್ನು ನಾವೇ ಹಿಡಿಯದಿದ್ದುದರಿಂದ ಕುವೈತ್ ಪರರ ಕೈ ಹಿಡಿಯಿತು. ಆ ಕೈ ಮತ್ತೆ ಬಿಡಲಿಲ್ಲ.

ಯುರೋಪಿನ ಬಗ್ಗೆಯೂ ಭ್ರಮೆ ಬೇಡ. ಯುದ್ಧವನ್ನು ಗಟ್ಟಿಯಾಗಿ ವಿರೋಧಿಸಿದ ಜರ್ಮನಿಯು ತನ್ನ ನೆಲದ ಅಮೆರಿಕನ್ ನೆಲೆಗಳನ್ನು ಬಳಸಲು ಬಿಟ್ಟಿತು. ಪುಟ್ಟ ಆಸ್ಟ್ರಿಯಾ ಮಾತ್ರ, ವಿಶ್ವಸಂಸ್ಥೆಯ ಅನುಮತಿಯಿಲ್ಲದ ಯುದ್ಧಕ್ಕೆ ನಮ್ಮ ಆಕಾಶವಿಲ್ಲ ಎಂದಿತು.

ಇನ್ನು ನಮ್ಮದೇ ಮಾತು. ಅಂದು ನಾವು ಮದ್ರಸದಲ್ಲಿ ಕಲಿಯುತ್ತಿದ್ದೆವು. ಮಸೀದಿಗಳಲ್ಲಿ ಇರಾಕಿಗಾಗಿ ದುಆಗಳಾದವು, ಅಮೆರಿಕದ ತಂಪು ಪಾನೀಯಗಳನ್ನು ಕುಡಿಯಬಾರದೆಂದು ನಾವು ಹುಡುಗರು ಪಣ ತೊಟ್ಟೆವು. ಪ್ರಾಮಾಣಿಕವಾಗಿಯೇ ತೊಟ್ಟೆವು. ಆದರೆ ಬುಶ್‌ನನ್ನು ಶಪಿಸಿದ ನಾಲಿಗೆಗಳು ಕೊಲ್ಲಿಯ ದೊರೆಗಳ ವಿಷಯ ಬಂದಾಗ ಮೆತ್ತಗಾಗುತ್ತಿದ್ದವು. ಪ್ರತಿ ಬೀದಿಯಲ್ಲೂ ದಮ್ಮಾಮ್, ದೋಹಾ, ಕುವೈತ್‌ನ ಸಂಬಳದಿಂದ ಎದ್ದ ಮನೆಗಳಿದ್ದವು. ಅಲ್ಲಿ ದುಡಿಯುತ್ತಿದ್ದವರನ್ನು ನಾವು ದೂರುವುದಿಲ್ಲ, ಅದು ಅವರ ಬೆವರಿನ ಹಣ. ಆದರೆ ಊರಿನಲ್ಲಿ ಸುರಕ್ಷಿತರಾಗಿದ್ದ ನಮ್ಮ ಮುಖಂಡರಿಗೂ ವಿದ್ವಾಂಸರಿಗೂ ಸತ್ಯ ನುಡಿಯಲು ಏನು ಅಡ್ಡಿಯಿತ್ತು?

ನಮ್ಮ ದೇಶದ ಸಂಗತಿಯೊಂದನ್ನು ಹೇಳದಿದ್ದರೆ ಅನ್ಯಾಯವಾದೀತು. ಗುಜರಾತಿನ ಗಾಯ ಇನ್ನೂ ಹಸಿಯಾಗಿದ್ದ ದಿನಗಳವು; ವಾಜಪೇಯಿ ಸರಕಾರದ ಬಗ್ಗೆ ಸಮುದಾಯಕ್ಕೆ ಯಾವ ಭರವಸೆಯೂ ಇರಲಿಲ್ಲ. ಆದರೂ 2003ರ ಏಪ್ರಿಲ್ 8ರಂದು ಲೋಕಸಭೆಯು ಯುದ್ಧವನ್ನು ಆಕ್ಷೇಪಿಸಿ ಒಮ್ಮತದ ನಿರ್ಣಯ ಸ್ವೀಕರಿಸಿತು. ಹಿಂದಿಯ 'ನಿಂದಾ' ಎಂಬ ಪದಕ್ಕೆ ಇಂಗ್ಲಿಷಿನಲ್ಲಿ ಎಷ್ಟು ಖಾರ ಹಾಕಬೇಕೆಂದು ಚೌಕಾಶಿ ನಡೆಯಿತು ಎಂಬುದು ಬೇರೆ ಮಾತು. ಆಕ್ರಮಿತ ಇರಾಕಿಗೆ ಭಾರತೀಯ ಸೈನಿಕರನ್ನು ಕಳುಹಿಸಿರೆಂದು ಅಮೆರಿಕ ಒತ್ತಾಯಿಸಿದಾಗ, ಜುಲೈ 14ರಂದು ಸರಕಾರವು ಅದನ್ನು ನಿರಾಕರಿಸಿತು. ಮಾತಿನ ಖಾರದ ಬಗ್ಗೆ ಚೌಕಾಶಿ ಮಾಡಿದವರು ಕೃತಿಯಲ್ಲಿ ಬಾಗಿಲು ಹಾಕಿದರು. ಅರಬ್ ಲೀಗ್‌ನಲ್ಲಿ ನಡೆದದ್ದು ಇದರ ತಿರುವುಮುರುವು.

ಟರ್ಕಿಯ ಕರಾವಳಿಯಲ್ಲಿ ಕಾದು ನಿಂತಿದ್ದ ಆ ಹಡಗುಗಳು ಕೊನೆಗೆ ಏನಾದವು? ಯುದ್ಧ ಆರಂಭವಾದ ಬಳಿಕ ಅವು ಲಂಗರು ಎತ್ತಿ ದಕ್ಷಿಣಕ್ಕೆ ತಿರುಗಿದವು. ಶರ್ಮ್ ಅಲ್ ಶೇಖ್‌ನ ಶೃಂಗಸಭೆಗೆ ಆತಿಥ್ಯ ನೀಡಿದ್ದ ಈಜಿಪ್ಟ್, 1888ರ ಒಪ್ಪಂದವನ್ನು ಮುಂದಿಟ್ಟು ಸೂಯೆಝ್ ಕಾಲುವೆಯನ್ನು ತೆರೆದಿಟ್ಟಿತ್ತು. ಹಡಗುಗಳು ಆ ಕಾಲುವೆಯನ್ನು ದಾಟಿ, ಕೆಂಪು ಸಮುದ್ರವನ್ನು ಹಾದು, ಅರೇಬಿಯವನ್ನು ಸುತ್ತಿ ಕುವೈತ್‌ನ ಬಂದರನ್ನು ತಲುಪಿದವು. ದಾರಿಯುದ್ದಕ್ಕೂ ಆ ನಿರ್ಣಯಕ್ಕೆ ಒಪ್ಪಿಗೆ ಕೊಟ್ಟ ರಾಷ್ಟ್ರಗಳ ದಡಗಳೇ ಇದ್ದವು.